ಕಡ್ಡಿಯಿಂದ ಒಂದು, ಬೀಜದಿಂದ ಒಂದು

ಮಕ್ಕಳೇ, ಹೋದ ವಾರ ಕರಿಬೇವಿನ ಬುಡದಲ್ಲಿ ಏಳುವ ಮರಿಗಳನ್ನು ಬೇರುಸಹಿತ ಕಿತ್ತು ನೆಡುವುದು ಹೇಗೆಂದು ನೋಡಿದೆವು. ಈ ವಾರ ಹಿಪ್ಪುನೇರಳೆ. ಇದನ್ನು ನಾನು ಪುಸ್ತಕ ನೋಡಿಕೊಂಡು ಬರೆಯುತ್ತಿಲ್ಲ. ಹೋದ ವರ್ಷ ನಾನೂ ನನ್ನ ಮೊಮ್ಮಗಳೂ ಸೇರಿ 12 ಕಡ್ಡಿ ನೆಟ್ಟು, ಹನ್ನೆರಡನ್ನೂ ಸಾಯಿಸಿದೆವು. ಆಮೇಲೆ ಮತ್ತೆ ನೆಟ್ಟೆವು. ನಮ್ಮ ಕಥೆ ಕೇಳಿದರೆ ನೀವು ಅಷ್ಟು ತಪ್ಪು ಮಾಡದೆ ಗಿಡ ಎಬ್ಬಿಸಬಹುದು.

ನಮ್ಮ ಊರು ರಾಮನಗರದ ಕಡೆ. ನಾನು ಚಿಕ್ಕವನಾಗಿದ್ದಾಗ ಊರಿನ ಎಷ್ಟೋ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ರಾತ್ರಿ ಮಲಗಿದರೆ ಪಕ್ಕದ ಕೋಣೆಯಿಂದ ಸಣ್ಣ ಮಳೆ ಹಿಡಿದಂಥ ಸದ್ದು ಕೇಳುತ್ತಿತ್ತು. ಅದು ಮಳೆಯಲ್ಲ, ತಟ್ಟೆಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು. ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಮಾರುಕಟ್ಟೆಗೆ ಹೊರುವುದು, ಇದೇ ನಮ್ಮ ಮನೆಯ ಕ್ಯಾಲೆಂಡರ್.

ಹೊಲದ ಹಿಪ್ಪುನೇರಳೆಯೆಲ್ಲ ಹುಳುಗಳ ಪಾಲು. ಸೊಪ್ಪಿಗಾಗಿ ಮತ್ತೆ ಮತ್ತೆ ಕೊಯ್ಯುವ ಗಿಡದಲ್ಲಿ ಹಣ್ಣು ಮಾಗುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ಅದಕ್ಕೆ ನಮ್ಮ ಅವ್ವ, ಮಕ್ಕಳ ಪಾಲಿಗೂ ಒಂದಿರಲಿ ಎಂದು, ಹೊಲದಿಂದ ಒಂದು ಕಡ್ಡಿ ತಂದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಚುಚ್ಚಿದಳು. ಅದನ್ನು ಯಾರೂ ಸವರಲಿಲ್ಲ, ಮರವಾಯಿತು. ಪ್ರತಿ ಬೇಸಿಗೆಯಲ್ಲೂ ನಮ್ಮ ನಾಲಿಗೆ, ಅಂಗೈ, ಅಂಗಿಯ ಜೇಬು ಎಲ್ಲವೂ ನೇರಳೆ ಬಣ್ಣ. ಅಂಗಿ ಒಗೆಯುವವಳೂ ಅವಳೇ, ಬೈಯುವವಳೂ ಅವಳೇ, "ಮೇಲಿನ ಕೊಂಬೇಲಿ ಇನ್ನೂ ಹಣ್ಣವೆ ನೋಡ್ರೋ" ಎನ್ನುವವಳೂ ಅವಳೇ.

ಹೋದ ವರ್ಷ ಏಪ್ರಿಲ್‌ನಲ್ಲಿ ಊರಿನಿಂದ ನನ್ನ ತಮ್ಮ ಫೋನ್ ಮಾಡಿದ. "ಅಣ್ಣ, ಹಿತ್ತಲಲ್ಲಿ ಹುಡುಗನಿಗೊಂದು ಮನೆ ಕಟ್ಟಬೇಕು ಅಂತಿದೀವಿ. ದಸರಾ ಕಳೆದ ಮೇಲೆ ಪಾಯ ತೆಗೀತೀವಿ. ಅವ್ವನ ಮರ ಉಳಿಯಲ್ಲ ಅಣ್ಣ" ಎಂದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ತಪ್ಪು ಅವನದಲ್ಲ. ಜಾಗ ಅವನ ಪಾಲಿನದು, ಮಗನಿಗೆ ಸೂರು ಬೇಕು.

ಬೇಸಿಗೆ ರಜೆಗೆ ಮೈಸೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಇದನ್ನೆಲ್ಲ ಕೇಳಿಸಿಕೊಂಡಳು. ಅವಳು ಆಗ 5ನೇ ತರಗತಿ ಮುಗಿಸಿದ್ದಳು.

"ಮುತ್ತಜ್ಜಿ ನೆಟ್ಟ ಮರಾನಾ ತಾತ? ಅದನ್ನ ಇಲ್ಲಿಗೆ ತರಕ್ಕಾಗಲ್ವಾ?"

"ಮರ ತರಕ್ಕಾಗಲ್ಲ ಪುಟ್ಟಿ. ಕಡ್ಡಿ ತರಬಹುದು."

ಹೇಳಿದ್ದು ಸುಲಭ. ನಾನು ಸೊಪ್ಪು ಹೊತ್ತವನೇ ಹೊರತು ಕಡ್ಡಿ ನೆಟ್ಟವನಲ್ಲ.

ಮೊದಲ ಸಲ ಏನಾಯಿತು

ಮುಂದಿನ ಭಾನುವಾರವೇ ಊರಿಗೆ ಹೋದೆವು. ಮರದ ತುಂಬ ಹಣ್ಣಿತ್ತು. ತಿಂದಷ್ಟು ತಿಂದು, ಒಂದು ಡಬ್ಬಿ ತುಂಬಿಸಿಕೊಂಡು, ಕೈಗೆ ಸಿಕ್ಕ ರೆಂಬೆಗಳನ್ನು ಮುರಿದು ಚೀಲಕ್ಕೆ ತುರುಕಿದೆವು. ಮೈಸೂರಿಗೆ ಬಂದು 12 ಕಡ್ಡಿ ಮಾಡಿ, ಮಣ್ಣು ತುಂಬಿದ ಹಾಲಿನ ಪ್ಯಾಕೆಟ್‌ಗಳಲ್ಲಿ ನೆಟ್ಟು, ಸಾಲಾಗಿ ಕಾಂಪೌಂಡ್ ಮೇಲೆ ಇಟ್ಟೆವು. ಪುಟ್ಟಿ ದಿನಕ್ಕೆ 3 ಸಲ ನೀರು ಹಾಕಿದಳು.

10 ದಿನಕ್ಕೆ 9 ಕಡ್ಡಿಗಳಲ್ಲಿ ಚಿಗುರು ಕಾಣಿಸಿತು. ಅವಳು ಕುಣಿದಾಡಿದಳು, ನಾನು ತಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಇನ್ನೆರಡು ವಾರಕ್ಕೆ ಆ ಚಿಗುರುಗಳು ಒಂದೊಂದೇ ಬಾಡಿ ಜೋತುಬಿದ್ದವು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆವು. ತಿಂಗಳು ತುಂಬುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಕಿತ್ತು ನೋಡಿದರೆ ಬುಡ ಕಪ್ಪಾಗಿ ಕೊಳೆತಿತ್ತು. ಬೇರಿನ ಎಳೆ ಒಂದೂ ಇರಲಿಲ್ಲ.

"ಎಲೆ ಬಂದಿತ್ತಲ್ಲ ತಾತ, ಮತ್ತೆ ಯಾಕೆ ಸತ್ತೋಯ್ತು?" ಅವಳ ಕಣ್ಣಲ್ಲಿ ನೀರು.

ಇದು ಒಳ್ಳೆಯ ಪ್ರಶ್ನೆ. ನಿಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಈರುಳ್ಳಿ ಮೊಳಕೆ ಒಡೆಯುವುದನ್ನು ನೋಡಿದ್ದೀರಲ್ಲ? ಅಲ್ಲಿ ಮಣ್ಣೂ ಇಲ್ಲ, ನೀರೂ ಇಲ್ಲ. ಈರುಳ್ಳಿ ತನ್ನೊಳಗೆ ಕೂಡಿಟ್ಟ ಆಹಾರದಿಂದಲೇ ಹಸಿರು ಮೊಳಕೆ ಬಿಡುತ್ತದೆ. ಕಡ್ಡಿಯೂ ಹಾಗೆಯೇ. ಅದರೊಳಗೆ ಉಳಿದಿದ್ದ ಬುತ್ತಿಯಿಂದ ಮೊದಲ ಎಲೆಗಳು ಬರುತ್ತವೆ. ಆ ಬುತ್ತಿ ಮುಗಿಯುವುದರೊಳಗೆ ಕೆಳಗೆ ಬೇರು ಬಂದಿರಬೇಕು. ಬಾರದಿದ್ದರೆ ಎಲೆಗೆ ನೀರು ಒದಗಿಸುವವರು ಯಾರು? ಕಡ್ಡಿ ನೆಟ್ಟವರು ಎಲೆ ಕಂಡ ದಿನ ಹಿಗ್ಗಬಾರದು, ಬೇರು ಬಂದ ದಿನ ಹಿಗ್ಗಬೇಕು.

ತಮ್ಮ ಹೇಳಿಕೊಟ್ಟ ಪಾಠ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಊರಿಗೆ ಹೋದೆವು. ಈ ಸಲ ತಮ್ಮ ನಮ್ಮನ್ನು ಮರದ ಹತ್ತಿರ ಬಿಡಲಿಲ್ಲ. "ನೀನು ಮೇಷ್ಟ್ರಾಗಿ ಊರು ಬಿಟ್ಟೆ, ಇದು ನನ್ನ ಪಾಠ, ಕೂತ್ಕೊಂಡು ಕೇಳು" ಎಂದ. ಪುಟ್ಟಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹಿಂದಿನ ಅಕ್ಟೋಬರ್‌ನಲ್ಲಿ ಕರೆಂಟ್ ತಂತಿಗೆ ತಾಗುತ್ತದೆಂದು ಅವನು ಒಂದು ಕೊಂಬೆ ಸವರಿದ್ದ. ಅಲ್ಲಿಂದ ಹೊಸದಾಗಿ ಎದ್ದ ರೆಂಬೆಗಳಿಗೆ ಆಗ 8 ತಿಂಗಳು. ಅವೇ ಬೇಕು ಎಂದ. ತುದಿಯ ಹಸಿರು ಭಾಗ ಎಳಸು, ನೆಟ್ಟರೆ ಕೊಳೆಯುತ್ತದೆ. ಹಳೆಯ ದಪ್ಪ ಕೊಂಬೆ ಬೇರು ಬಿಡಲು ಸೋಮಾರಿ. ಪೆನ್ಸಿಲ್‌ನಷ್ಟು ದಪ್ಪ ಇದ್ದು, ಸಿಪ್ಪೆ ಕಂದುಬಣ್ಣಕ್ಕೆ ತಿರುಗಿದ ನಡುಭಾಗವೇ ಸರಿ. ಅದನ್ನು ಸುಮಾರು ಒಂದು ಗೇಣು, ಅಂದರೆ 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ, ಒಂದೊಂದರಲ್ಲೂ 3 ಅಥವಾ 4 ಕಣ್ಣು ಇರುವಂತೆ ಕತ್ತರಿಸಿದ. ಕಬ್ಬಿನ ಗೆಣ್ಣಿನಲ್ಲಿ ಕಣ್ಣು ಇರುತ್ತದಲ್ಲ, ಇಲ್ಲಿಯೂ ಎಲೆ ಉದುರಿದ ಕಡೆ ಪುಟ್ಟ ಮೊಗ್ಗು ಇರುತ್ತದೆ. ಅದೇ ಕಣ್ಣು.

"ಮೊದಲ ಸಲ ಇದ್ರಲ್ಲಿ ಎಷ್ಟನ್ನ ತಲೆಕೆಳಗಾಗಿ ನೆಟ್ಟಿದ್ರಿ?" ಎಂದು ಕೇಳಿದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ನಮಗೆ ಹೊಳೆದೇ ಇರಲಿಲ್ಲ! ಗುರುತು ಹಿಡಿಯುವುದು ಸುಲಭ. ಉದುರಿದ ಎಲೆಯ ಗಾಯದ ಗುರುತು ಕೆಳಗೆ, ಕಣ್ಣು ಅದರ ಮೇಲೆ. ಹಾಗೆ ಹಿಡಿದರೆ ಕಡ್ಡಿ ನೆಟ್ಟಗಿದೆ ಎಂದು ಅರ್ಥ. ಗೊಂದಲವೇ ಬೇಡವೆಂದು ತಮ್ಮ ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿದ. ಓರೆ ಮಣ್ಣಿಗೆ, ನೇರ ಆಕಾಶಕ್ಕೆ. ಕತ್ತರಿಸುವಾಗ ಸಿಪ್ಪೆ ಸೀಳಬಾರದು, ಕತ್ತರಿ ಚೂಪಾಗಿರಬೇಕು. ನಾವು ಕೈಯಲ್ಲಿ ಮುರಿದಿದ್ದೆವು.

ಕಡ್ಡಿಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಟ್ಟ. ಬಸ್ಸಿನಲ್ಲಿ ಪುಟ್ಟಿ ಅದನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಮೈಸೂರಿಗೆ ಬಂದ ಸಂಜೆಯೇ ನೆಟ್ಟೆವು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೂರೂ ಸಮಪಾಲು. ಪ್ಯಾಕೆಟ್‌ಗಳ ತಳದಲ್ಲಿ ಈ ಸಲ ತೂತು ಮಾಡಿದೆವು. ಮೊದಲ ಸಲ ಅದನ್ನೂ ಮರೆತಿದ್ದೆವು, ಹಾಕಿದ ನೀರೆಲ್ಲ ಒಳಗೇ ನಿಂತಿತ್ತು. ಮೇಲೆ ಒಂದೇ ಕಣ್ಣು ಕಾಣುವಂತೆ ಕಡ್ಡಿಯನ್ನು ಸ್ವಲ್ಪ ಓರೆಯಾಗಿ ಇಳಿಸಿ, ಸುತ್ತ ಮಣ್ಣನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದೆವು. ಮಣ್ಣಿನಲ್ಲಿ ಪೊಳ್ಳು ಉಳಿದರೆ ಕಡ್ಡಿ ಒಣಗುತ್ತದೆ. ಕಾಂಪೌಂಡ್ ಮೇಲಿನ ಬಿಸಿಲಿನಿಂದ ಇಳಿಸಿ ಸೀಬೆ ಮರದ ನೆರಳಿಗೆ ಇಟ್ಟೆವು. ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು.

ಒಂದು ಕಷ್ಟದ ನಿಯಮವೂ ಇತ್ತು: ಬೇರು ಬಂತೇ ಎಂದು ಕಿತ್ತು ನೋಡಬಾರದು. ಮೊದಲ ಸಲ ಪುಟ್ಟಿ ಎರಡು ದಿನಕ್ಕೊಮ್ಮೆ ಕಿತ್ತು ನೋಡುತ್ತಿದ್ದಳಂತೆ, ಆಮೇಲೆ ಒಪ್ಪಿಕೊಂಡಳು. ಹೊಸ ಬೇರು ಕೂದಲಿಗಿಂತ ಮೆತ್ತಗೆ, ಒಮ್ಮೆ ಅಲುಗಿದರೆ ಹರಿದುಹೋಗುತ್ತದೆ. ನಾನೂ ಒಪ್ಪಿಕೊಳ್ಳಬೇಕು, ಅವಳು ಮಲಗಿದ ಮೇಲೆ ನಾನೂ ಒಂದೆರಡನ್ನು ಕಿತ್ತು ನೋಡಿದ್ದೆ.

ಒಂದೂವರೆ ತಿಂಗಳ ಮೇಲೆ ಒಂದು ಪ್ಯಾಕೆಟ್‌ನ ತೂತಿನಿಂದ ಬಿಳಿ ದಾರದಂಥದ್ದು ಇಣುಕಿತು. ಪುಟ್ಟಿ ಶಾಲೆ ಶುರುವಾಗಿ ಬೆಂಗಳೂರಿಗೆ ಹೋಗಿದ್ದಳು. ವೀಡಿಯೊ ಕರೆ ಮಾಡಿ ತೋರಿಸಿದೆ. "ಬೇರು! ತಾತ, ಬೇರು!" ಎಂದು ಅವರ ಮನೆಯೆಲ್ಲ ಕೇಳುವಂತೆ ಕೂಗಿದಳು. 12ರಲ್ಲಿ 7 ಉಳಿದವು.

ಹಣ್ಣಿನ ಡಬ್ಬಿಯಿಂದ ಬಂದ ಸಸಿಗಳು

ಏಪ್ರಿಲ್‌ನಲ್ಲಿ ಒಂದು ಡಬ್ಬಿ ಹಣ್ಣು ತಂದಿದ್ದೆವಲ್ಲ, ಅದರಲ್ಲಿ ಉಳಿದ ಕೊಳೆ ಹಣ್ಣುಗಳನ್ನು ಪುಟ್ಟಿ ಎಸೆಯಲು ಬಿಡಲಿಲ್ಲ. ಹಿಪ್ಪುನೇರಳೆ ಹಣ್ಣನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಒಂದು ಹಣ್ಣಲ್ಲ, ಒತ್ತಾಗಿ ಕೂತ ಪುಟ್ಟ ಪುಟ್ಟ ಹೂಗಳೆಲ್ಲ ಒಂದೊಂದು ರಸದ ಮಣಿಯಾಗಿ ಒಂದಕ್ಕೊಂದು ಅಂಟಿಕೊಂಡ ಗೊಂಚಲು. ಹಲಸಿನ ಹಣ್ಣೂ ಹೀಗೆಯೇ ಆಗುವುದು. ಎರಡೂ ಒಂದೇ ಕುಟುಂಬದವು. ಆಲ, ಅತ್ತಿ, ಅಂಜೂರವೂ ಅದೇ ಮನೆತನ. ಎಲೆ ಕಿತ್ತರೆ ಇವೆಲ್ಲಕ್ಕೂ ಹಾಲು ಬರುತ್ತದೆ.

ಹಣ್ಣನ್ನು ನೀರಿನಲ್ಲಿ ಕಿವುಚಿದೆವು. ತಿರುಳು ತೇಲಿತು, ಗಟ್ಟಿ ಬೀಜ ತಳಕ್ಕೆ ಕೂತಿತು. ಬೀಜ ಹೆಚ್ಚುಕಡಿಮೆ ರಾಗಿ ಕಾಳಿನಷ್ಟು. ನೆರಳಲ್ಲಿ ಒಂದು ದಿನ ಆರಿಸಿ, ಜರಡಿ ಹಿಡಿದ ಮಣ್ಣಿನ ಮೇಲೆ ಉದುರಿಸಿ, ಮೇಲೆ ತೆಳ್ಳಗೆ ಮರಳು ಚೆಲ್ಲಿದೆವು. ಆಳಕ್ಕೆ ಹೂತರೆ ಇಷ್ಟು ಪುಟ್ಟ ಬೀಜಕ್ಕೆ ಮೇಲೆ ಬರುವ ಶಕ್ತಿ ಇರುವುದಿಲ್ಲ. ನೀರು ಸುರಿಯದೆ ಚಿಮುಕಿಸಿದೆವು. ಈ ಬೀಜವನ್ನು ಮುಂದಿನ ವರ್ಷಕ್ಕೆಂದು ಹಾಗೇ ಕಟ್ಟಿಡಬೇಡಿ. ನಮ್ಮ ಸೆಕೆಯಲ್ಲಿ ಇದರ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಹಣ್ಣು ತಿಂದ ವಾರದಲ್ಲೇ ಬಿತ್ತಬೇಕು.

ಎರಡು ವಾರದೊಳಗೆ ಮಣ್ಣಿನ ಮೇಲೆ ಹಸಿರು ಚುಕ್ಕಿಗಳು. ಕೆಲವನ್ನು ಬುಡ ಕೊಳೆತು ಕಳೆದುಕೊಂಡೆವು, ಕೆಲವನ್ನು ಬಸವನಹುಳು ತಿಂದಿತು, 4 ಉಳಿದವು. ದೊಡ್ಡದಾಗುತ್ತ ಹೋದಂತೆ ಎಲೆಗಳು ಹೆಬ್ಬೆರಳು ಬಿಡಿಸಿದ ಕೈಗವಸಿನಂತೆ ಸೀಳಿಕೊಂಡಿದ್ದವು. "ಇದು ನಮ್ಮ ಮರದ ಎಲೆ ಥರಾನೇ ಇಲ್ಲ ತಾತ, ಬೇರೆ ಯಾವುದೋ ಗಿಡ" ಎಂದಳು ಪುಟ್ಟಿ. ಎಳೆಯ ಹಿಪ್ಪುನೇರಳೆಯಲ್ಲಿ ಹೀಗಾಗುವುದುಂಟು, ಒಂದೇ ಗಿಡದಲ್ಲಿ ಸೀಳಿದ ಎಲೆಯೂ ಇರುತ್ತದೆ, ಇಡೀ ಎಲೆಯೂ ಇರುತ್ತದೆ. ಆದರೆ ಅವಳ ಮಾತು ಪೂರ್ತಿ ತಪ್ಪೂ ಅಲ್ಲ.

ಯಾವುದು ಮುತ್ತಜ್ಜಿಯ ಮರ?

ಅವಳು ಒಂದು ದಿನ ಕೇಳಿದಳು: "ಕಡ್ಡಿಯಿಂದ ಬಂದದ್ದೂ ಆ ಮರದ್ದೇ, ಬೀಜದಿಂದ ಬಂದದ್ದೂ ಆ ಮರದ್ದೇ. ಇದರಲ್ಲಿ ಮುತ್ತಜ್ಜಿ ಮರ ಯಾವುದು?"

ಕಡ್ಡಿಯಿಂದ ಬಂದದ್ದು ಆ ಮರದ ಮಗು ಅಲ್ಲ, ಆ ಮರವೇ. ಅದೇ ಮೈ, ಜಾಗ ಮಾತ್ರ ಬೇರೆ. ಹಣ್ಣಿನ ರುಚಿ, ಬಣ್ಣ, ಎಲೆಯ ಆಕಾರ ಎಲ್ಲವೂ ಹಳೆಯದರಂತೆಯೇ. ಹಣ್ಣೂ ಬೇಗ ಬರುತ್ತದೆ, ಏಕೆಂದರೆ ಆ ಕಡ್ಡಿ ಹಣ್ಣು ಬಿಡುವ ವಯಸ್ಸಿನ ಮರದ್ದು.

ಬೀಜದ ಸಸಿ ಹಾಗಲ್ಲ. ಅದಕ್ಕೆ ತಾಯಿ ನಮ್ಮ ಮರ, ತಂದೆ ಇನ್ಯಾವುದೋ ಮರ. ಹಿಪ್ಪುನೇರಳೆಯ ಪರಾಗವನ್ನು ಹೊತ್ತು ತರುವುದು ಗಾಳಿ. ಬಿಳಿ ಹಿಪ್ಪುನೇರಳೆಯ ಗಂಡು ಹೂವಿನಲ್ಲಿ ಕೇಸರಗಳು ಬಿಲ್ಲಿನಂತೆ ಬಾಗಿ ಕೂತಿದ್ದು, ಒಣಗಿದಾಗ ಥಟ್ಟನೆ ನೆಟ್ಟಗಾಗಿ ಪರಾಗವನ್ನು ಚಿಮ್ಮಿಸುತ್ತವೆ. ವಿಜ್ಞಾನಿಗಳು ಆ ವೇಗವನ್ನು ಅಳೆದಾಗ ಅದು ಶಬ್ದದ ವೇಗದ ಅರ್ಧಕ್ಕಿಂತಲೂ ಹೆಚ್ಚಿತ್ತು! ಹಾಗೆ ಹಾರಿದ ಧೂಳು ಯಾರ ಹೊಲದಿಂದ ನಮ್ಮ ಹಿತ್ತಲಿಗೆ ಬಂದಿತೋ. ಆದ್ದರಿಂದ ಬೀಜದ ಸಸಿಯ ಹಣ್ಣು ಸಿಹಿಯಾಗಬಹುದು, ಹುಳಿಯಾಗಬಹುದು. ಅದು ಗಂಡು ಗಿಡವಾಗಿ ಹಣ್ಣನ್ನೇ ಬಿಡದಿರಬಹುದು. ಕೆಲವು ವರ್ಷ ಕಾಯದೆ ತಿಳಿಯುವುದಿಲ್ಲ.

"ಹಾಗಾದ್ರೆ ಬೀಜ ಹಾಕೋದು ದಂಡ!" ಎಂದಳು.

ದಂಡವಲ್ಲ ಪುಟ್ಟಿ. ನಮ್ಮ ನಾಡಿನ ರೇಷ್ಮೆ ಹೊಲಗಳನ್ನೇ ನೋಡು. ಟಿಪ್ಪು ಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿ ರೇಷ್ಮೆಯ ಕೆಲಸ ಬೇರೂರಿತು. ರೈತರು ತಲೆಮಾರುಗಳಿಂದ ಕಡ್ಡಿಯನ್ನೇ ನೆಡುತ್ತ ಬಂದರು. ಆದರೆ ಕಡ್ಡಿ ಇದ್ದದ್ದನ್ನು ಇದ್ದ ಹಾಗೆ ಉಳಿಸುತ್ತದೆ, ಹೊಸದನ್ನು ಕೊಡುವುದಿಲ್ಲ. ಹೊಸ ತಳಿ ಬರಬೇಕಾದರೆ ಬೀಜ ಬೇಕು. ರೈತರು ಎಂ-5 ಎಂದು ಕರೆಯುವ ಕಣ್ವ-2 ತಳಿ ಬೀಜದ ಸಸಿಗಳ ನಡುವೆ ಆರಿಸಿ ತೆಗೆದದ್ದು. ಈಗ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ವಿ-1 ತಳಿಯನ್ನು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಎರಡು ತಳಿ ಕೂಡಿಸಿ ಬೆಳೆಸಿ, 1997ರಲ್ಲಿ ರೈತರಿಗೆ ಕೊಟ್ಟರು. ಅದೂ ಮೊದಲು ಹುಟ್ಟಿದ್ದು ಒಂದು ಬೀಜದಿಂದಲೇ. ಆ ಒಂದು ಸಸಿ ಕಡ್ಡಿಯಾಗಿ, ಕಡ್ಡಿಯ ಕಡ್ಡಿಯಾಗಿ ಸಾವಿರಾರು ಹೊಲ ತುಂಬಿತು.

ಇನ್ನೊಂದು ಮಾತು. ಕಡ್ಡಿಯಿಂದ ಬಂದವೆಲ್ಲ ಒಂದೇ ಮೈಯಾದ್ದರಿಂದ, ಒಂದಕ್ಕೆ ಹಿಡಿಯುವ ರೋಗ ಎಲ್ಲಕ್ಕೂ ಹಿಡಿಯುತ್ತದೆ. ಬೀಜದ ಸಸಿಗಳಲ್ಲಿ ಒಂದು ಸೋತರೆ ಇನ್ನೊಂದು ತಡೆದುಕೊಳ್ಳಬಹುದು. ಹಾಗಾಗಿ ಹಿತ್ತಲಲ್ಲಿ ಕಡ್ಡಿಯಿಂದ ಒಂದು, ಬೀಜದಿಂದ ಒಂದು ಇರಲಿ. ಒಂದು ನೆನಪಿಗೆ, ಒಂದು ನಾಳೆಗೆ.

ಮರ ಹೋಯಿತು

ನವೆಂಬರ್‌ನಲ್ಲಿ ಮರ ಕಡಿದರು. ನಾನು ಹೋಗಲಿಲ್ಲ. ತಮ್ಮ ಕಡಿಯುವ ಮೊದಲು ಬುಡಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದನಂತೆ, ನಾದಿನಿ ಹೇಳಿದಳು.

ಈ ಬೇಸಿಗೆಯಲ್ಲಿ, ನಮ್ಮ ಮೈಸೂರಿನ ಮನೆಯ ಮೂಲೆಯಲ್ಲಿ ನೆಟ್ಟ ಕಡ್ಡಿ ಗಿಡ ನನ್ನ ಎದೆಯೆತ್ತರ ಬಂದು 9 ಹಣ್ಣು ಬಿಟ್ಟಿತು. ಎರಡನ್ನು ಪಿಕಳಾರ ತಿಂದಿತು. ಉಳಿದ ಏಳನ್ನು ಪುಟ್ಟಿ ಬರುವವರೆಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿ ಕಾದೆ. ಬಂದವಳು ಒಂದನ್ನು ನನ್ನ ಬಾಯಿಗೆ ಇಟ್ಟಳು. ಅದೇ ರುಚಿ ಮಕ್ಕಳೇ. ಮೊದಲು ಸಿಹಿ, ಕೊನೆಗೆ ನಾಲಿಗೆಯ ಬದಿಯಲ್ಲಿ ಒಂದು ಚೂರು ಹುಳಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಿಂದ ಹಾಗೆಯೇ ಇತ್ತು.

ಹೋದ ತಿಂಗಳು ಊರಿನಲ್ಲಿ ಹೊಸ ಮನೆಯ ಗೃಹಪ್ರವೇಶ. ನಾವು ತೆಗೆದುಕೊಂಡು ಹೋದ ಉಡುಗೊರೆ ಒಂದು ಗಿಡ. ತಮ್ಮ ನೋಡಿದ, ಏನೂ ಹೇಳಲಿಲ್ಲ, ಹಾರೆ ತರಲು ಒಳಗೆ ಹೋದ. ಮನೆಯ ಗೋಡೆಯಿಂದ 12 ಅಡಿ ದೂರ ಬಿಟ್ಟು ಅವನೂ ಪುಟ್ಟಿಯೂ ಸೇರಿ ನೆಟ್ಟರು. ಉಳಿದವುಗಳಲ್ಲಿ ಒಂದು ಪುಟ್ಟಿಯ ಶಾಲೆಗೆ ಹೋಗಿದೆ, ನಾಲ್ಕು ನೆಂಟರ ಮನೆಗಳಿಗೆ. ಬೀಜದ ಸಸಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಅವಳು ತನಗೆಂದು ಬಕೆಟ್‌ನಲ್ಲಿ ಇಟ್ಟುಕೊಂಡಿದ್ದಾಳೆ. ಹಣ್ಣು ಬಿಡುತ್ತದೋ ಇಲ್ಲವೋ ಎಂದು ಕೇಳಿದರೆ, "ನೋಡೋಣ ತಾತ, ಕಿತ್ತು ನೋಡಬಾರದು" ಎನ್ನುತ್ತಾಳೆ.

ಈ ವಾರದ ಕೆಲಸ

ಮಳೆ ಬಂದಿದೆ, ಕಡ್ಡಿ ನೆಡಲು ಇದೇ ಸಮಯ. ಹಿಪ್ಪುನೇರಳೆ ಇರುವವರನ್ನು ಕೇಳಿ ಒಂದು ರೆಂಬೆ ತನ್ನಿ. ರೇಷ್ಮೆ ಹೊಲದಲ್ಲಿ ಕೇಳದೆ ಮುಟ್ಟಬೇಡಿ, ಅದು ಅವರ ಹುಳುಗಳ ಊಟ. ಕತ್ತರಿ ಹಿಡಿಯುವುದು ದೊಡ್ಡವರ ಕೆಲಸ. ಒಂದೇ ಕಡ್ಡಿ ನೆಟ್ಟು ಕೂರಬೇಡಿ, 6 ನೆಡಿ. ಒಂದು ನೋಟ್‌ಬುಕ್‌ನಲ್ಲಿ ನೆಟ್ಟ ದಿನ, ಎಲೆ ಬಂದ ದಿನ, ಬೇರು ಕಂಡ ದಿನ ಬರೆದಿಡಿ. ಸತ್ತುಹೋದವನ್ನೂ ಬರೆಯಿರಿ, ಮುಂದಿನ ಸಲ ಅದೇ ನಿಮಗೆ ಮೇಷ್ಟ್ರು. 3ರಿಂದ 4 ತಿಂಗಳಿಗೆ ಗಿಡ ನೆಲಕ್ಕೆ ಇಳಿಸುವಷ್ಟಾಗುತ್ತದೆ. ಜಾಗ ಇಲ್ಲದವರು ದೊಡ್ಡ ಕುಂಡದಲ್ಲಿಯೇ ಬೆಳೆಸಿ ಆಗಾಗ ಸವರಿ, ಸವರಿದಲ್ಲಿಂದ ಬರುವ ಹೊಸ ಚಿಗುರಿನಲ್ಲೇ ಹಣ್ಣು ಕಟ್ಟುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ನೀವು ಚೆನ್ನಾಗಿ ನೆಡಬಲ್ಲಿರಿ ಎಂದು ಮಕ್ಕಳ ಕೈಯಿಂದ ಕಡ್ಡಿ ಕಿತ್ತುಕೊಳ್ಳಬೇಡಿ. ತಲೆಕೆಳಗಾಗಿ ನೆಟ್ಟರೆ ನೆಡಲಿ, ಒಂದು ಸಲ. ಪಕ್ಕದಲ್ಲಿ ನೀವೊಂದು ನೆಟ್ಟಗೆ ನೆಟ್ಟಿಡಿ. ಮತ್ತೆ, ನಿಮ್ಮ ಊರಿನಲ್ಲಿ ನಿಮ್ಮ ತಾಯಿಯೋ ತಂದೆಯೋ ನೆಟ್ಟ ಗಿಡ ಯಾವುದಾದರೂ ಇದ್ದರೆ, ಫೋನ್ ಬರುವವರೆಗೆ ಕಾಯಬೇಡಿ. ಈ ಮಳೆಗಾಲದಲ್ಲೇ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ನಾಲ್ಕು ಕಡ್ಡಿ ತನ್ನಿ.

ಮುಂದಿನ ವಾರ ದಾಸವಾಳ.